ಎಷ್ಟನೇ ಹಾಡಿಗೆ?

ನಮ್ಮ ಭಾವಮೈದ ಅಮೆರಿಕದಿಂದ ಬರುವಾಗ ನನ್ನ ಟ್ರಾಂಬೋನಿಗೆಂದು ಒಂದು ಮೌತ್‌ಪೀಸ್, ಅಂದರೆ ತುಟಿಗಿಟ್ಟು ಊದುವ ಭಾಗ, ತಂದಿದ್ದ. ಬೆಳ್ಳಿ ಲೇಪ, ವೆಲ್ವೆಟ್ ಚೀಲ. ‘ಪ್ರೊಫೆಷನಲ್ಸ್ ಎಲ್ಲ ಇದನ್ನೇ ಊದೋದು ಭಾವ’ ಎಂದ. ಕೇಳದಿದ್ದರೂ ಸಲಹೆ ಕೊಡುವುದು ಅವನ ಜಾಯಮಾನ. ನನ್ನದು ವಾಲ್ವ್ ಟ್ರಾಂಬೋನ್: ಸ್ಲೈಡ್ ಎಂಬ ಕೊಳವೆಯನ್ನು ಹಿಂದೆ ಮುಂದೆ ಎಳೆಯುವ ಬದಲು ವಾಲ್ವ್ ಎಂಬ ಗುಂಡಿ ಒತ್ತಿ ಊದುವ ಹಿತ್ತಾಳೆ ವಾದ್ಯ. ಅದಕ್ಕೆ ಸಿಕ್ಕಿಸಲು ಹೋದರೆ ತುದಿಯಷ್ಟೇ ಒಳಗೆ ಹೋಗಿ ನಿಂತಿತು. ಅದು ದೊಡ್ಡ ಶ್ಯಾಂಕಿನದು (ಶ್ಯಾಂಕ್ ಎಂದರೆ ವಾದ್ಯದೊಳಗೆ ಸಿಕ್ಕಿಸುವ ಬಾಲ), ನನ್ನದು ಮೀರತ್‌ನಲ್ಲಿ ಮಾಡಿದ, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಚಿಕ್ಕ ಶ್ಯಾಂಕಿನ ವಾದ್ಯ. ವ್ಯತ್ಯಾಸ ಒಂದೂವರೆ ಮಿಲಿಮೀಟರ್ ಆಸುಪಾಸು, ಅಷ್ಟೇ. ‘ಸ್ವಲ್ಪ ಒತ್ತಿ ಭಾವ’ ಎಂದ. ಒತ್ತಲಿಲ್ಲ.

ಹಾಗಾಗಿ ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಒಂದು ಕಣ್ಣು ಮೊಬೈಲಿನಲ್ಲಿಟ್ಟುಕೊಂಡೇ ಬಾಕ್ ಕಂಪನಿಯ 12ಸಿ ಮತ್ತು 6½ಎಎಲ್ ನಂಬರಿನ ಎರಡು ಮೌತ್‌ಪೀಸ್ ಇಟ್ಟ. ಈ ಲೆಕ್ಕವೇ ತಲೆಕೆಳಗು: ನಂಬರ್ ಚಿಕ್ಕದಾದಷ್ಟೂ ತುಟಿ ಇಡುವ ಬಟ್ಟಲು ಅಗಲ. 12ಸಿಯ ಒಳವ್ಯಾಸ ಸುಮಾರು ಇಪ್ಪತ್ತನಾಲ್ಕೂವರೆ ಮಿಲಿಮೀಟರ್, 6½ರದ್ದು ಇಪ್ಪತ್ತೈದು ದಾಟುತ್ತದೆ, ಬಟ್ಟಲೂ ಆಳ. ‘12 ಬಿಗಿನರ್ಸ್‌ಗೆ ಸರ್. ಅಲ್ಲದೆ ವಾಲ್ವ್ ಟ್ರಾಂಬೋನ್ ರಿಯಲ್ ಟ್ರಾಂಬೋನ್ ಅಲ್ಲ ಬಿಡಿ’ ಎಂದ. 1929ರಲ್ಲಿ ಅಮೆರಿಕದ ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ ವಾದ್ಯವೃಂದಕ್ಕೆ ಸೇರಿದ ಹ್ವಾನ್ ಟಿಝೋಲ್ ಊದುತ್ತಿದ್ದದ್ದು ವಾಲ್ವ್ ಟ್ರಾಂಬೋನನ್ನೇ ಕಣಪ್ಪಾ ಎನ್ನಬೇಕೆನಿಸಿತು. ಅವನು ಅಷ್ಟರಲ್ಲಿ ಯಾರಿಗೋ ಗಿಟಾರ್ ತಂತಿ ತೋರಿಸಲು ಹೋಗಿದ್ದ.

ಅಲ್ಲೇ ಊದಿ ನೋಡಿದೆ. 6½ರಲ್ಲಿ ಕೆಳಗಿನ ಸ್ವರಗಳು ಎದೆ ತುಂಬಿ ಬಂದವು. ನನಗೆ ಇನ್ನೊಂದು ಆಸೆಯೂ ಇತ್ತು. ಒಂದನೇ, ಮೂರನೇ ವಾಲ್ವ್ ಒಟ್ಟಿಗೆ ಒತ್ತಿದರೆ ಸ್ವರ ಇರಬೇಕಾದ ಜಾಗದಿಂದ ಕೊಂಚ ಮೇಲಕ್ಕೆ ಜಾರುತ್ತದೆ. ಸ್ಲೈಡಿನವರು ಕೈಯನ್ನು ಕೊಂಚ ಮುಂದೆ ನೀಡಿ ಸರಿಮಾಡಿಕೊಳ್ಳುತ್ತಾರೆ, ನಾವು ತುಟಿಯಲ್ಲೇ ಇಳಿಸಬೇಕು. ಆಳದ ಬಟ್ಟಲಿನಲ್ಲಿ ಅದಕ್ಕೆ ಜಾಗ ಹೆಚ್ಚು. ಎರಡನ್ನೂ ಕೊಂಡು, ಒಂದನ್ನು ವಾಪಸ್ ತರಬಹುದು ಎಂದು ಬಿಲ್ಲಿನ ಮೇಲೆ ಬರೆಸಿಕೊಂಡೆ.

ಆಷಾಢದಲ್ಲಿ ಮದುವೆ ಬ್ಯಾಂಡಿನವರಿಗೆ ಬಿಡುವು. ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ನನಗೆ ಗೊತ್ತಿರುವ ಮಾಸ್ತರೊಬ್ಬರಿದ್ದಾರೆ. ಮೇಲ್ತುಟಿಯ ಮೇಲೆ ಉಂಗುರದಂತೆ ಅಚ್ಚು ಬಿದ್ದಿದೆ. ಎರಡನ್ನೂ ಅವರ ಮುಂದಿಟ್ಟು, 6½ರಲ್ಲಿ ಚಂದವಾಗಿ ನಾಲ್ಕು ಸಾಲು ಊದಿ, ‘ಇದು ಚೆನ್ನಾಗಿದ್ಯಾ ಮಾಸ್ತರ್ರೇ?’ ಎಂದೆ.

‘ಎಷ್ಟನೇ ಹಾಡಿಗೆ ಸಾರ್?’ ಎಂದರು.

ನನಗೆ ಅರ್ಥವಾಗಲಿಲ್ಲ. ‘ಮೊದಲ್ನೇ ಹಾಡಿಗೆ ಎಲ್ಲಾ ಚೆನ್ನಾಗೇ ಇರ್ತದೆ. ಗಂಡಿನ ಮನೆಯಿಂದ ಹೊರಟು, ಸರ್ಕಲ್‌ನಲ್ಲಿ ಹುಡುಗ್ರು ಕುಣಿಯಕ್ಕೆ ನಿಲ್ಲಿಸಿ, ಛತ್ರದ ಬಾಗಿಲಿಗೆ ಬಂದಾಗ ಇಪ್ಪತ್ತನೇ ಹಾಡು. ಆಗ ಸೌಂಡ್ ಬರ್ಬೇಕು.’ ಪಕ್ಕದಲ್ಲಿ ಡ್ರಮ್ಮು, ತಾಶೆ, ಹಿಂದೆ ಜನರೇಟರ್. ಅಲ್ಲಿ ಆಳ, ಗಾಂಭೀರ್ಯ ಯಾರಿಗೂ ಕೇಳಿಸುವುದಿಲ್ಲ, ಚೂಪಾದದ್ದು ಕೇಳುತ್ತದೆ. ಮೆರವಣಿಗೆಯ ನೂಕುನುಗ್ಗಲಿನಲ್ಲಿ ಸ್ಲೈಡ್ ಚಾಚಿದರೆ ಮುಂದಿನವನ ಬೆನ್ನಿಗೆ ತಾಗುತ್ತದೆ, ಅದಕ್ಕೇ ಈ ಬ್ಯಾಂಡುಗಳಲ್ಲಿ ವಾಲ್ವಿನದು ಉಳಿದಿರುವುದು. ಅಗಲ ಬಟ್ಟಲು ಹೆಚ್ಚು ತುಟಿ ಕೇಳುತ್ತದೆ, ಹೆಚ್ಚು ಗಾಳಿ ಕೇಳುತ್ತದೆ. ಇಷ್ಟೆಲ್ಲ ನನಗೆ ಓದಿ ಗೊತ್ತಿತ್ತು. ಆದರೆ ನಾನು ಊದುವುದು ಮನೆಯಲ್ಲಿ, ಕಾಫಿ ಕುಡಿದು, ಕುರ್ಚಿಯಲ್ಲಿ ಕೂತು. ಅವರು 6½ ತೆಗೆದುಕೊಂಡು ಹಳೆಯದೊಂದು ಸಿನಿಮಾ ಹಾಡಿನ ಪಲ್ಲವಿ ಊದಿದರು. ಆ ಲೊಡ್ಡು ವಾದ್ಯದಿಂದ ಅಂಥ ನಾದ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಒರೆಸಿ ಕೊಟ್ಟು, ‘ಕೂತ್ಕೊಂಡು ಊದೋರಿಗೆ ಬೊಂಬಾಟ್ ಸಾರ್’ ಎಂದರು.

ವಾರವಿಡೀ ಅದೇ ಪ್ರಶ್ನೆ. ಬಸ್ಸಿನಲ್ಲಿ, ಆಫೀಸಿನಲ್ಲಿ. ಎಷ್ಟನೇ ಹಾಡಿಗೆ ಸಾರ್? ನಾವು ಬಾಡಿಗೆ ಮನೆ ನೋಡುವುದು ಬೆಳಗ್ಗೆ ಹನ್ನೊಂದಕ್ಕೆ, ನೀರು ಬರುವಾಗ. ಆಫೀಸಿಗೆ ಹುಡುಗರನ್ನು ಆರಿಸುವುದು ಅವರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದ ಅರ್ಧ ಗಂಟೆಯಲ್ಲಿ. ನನ್ನ ತಂಗಿಗೆ ಗಂಡು ನೋಡಿದ್ದೂ ಉಪ್ಪಿಟ್ಟು ಕೇಸರಿಬಾತಿನ ಮುಂದೆಯೇ, ಮತ್ತು ಆ ಗಂಡೇ ಅಮೆರಿಕದ ಮೌತ್‌ಪೀಸ್ ತಂದವನು. (ಒಳ್ಳೆಯವನೇ. ಮಾತು ಜಾಸ್ತಿ.) ಇಪ್ಪತ್ತನೇ ಹಾಡಿನವರೆಗೂ ಕೇಳುವ ತಾಳ್ಮೆ ಯಾರಿಗಿದೆ? ಮದುವೆಯಲ್ಲೂ ಅಷ್ಟೆ. ಛತ್ರದ ಬಾಗಿಲಲ್ಲಿ ವರನಿಗೆ ಆರತಿ ಎತ್ತುವಾಗ ಎಲ್ಲರ ಕಣ್ಣೂ ಅವನ ಮೇಲೆ, ಬ್ಯಾಂಡಿನವರು ಆ ಹೊತ್ತಿಗೆ ಬಿರಿದ ತುಟಿಯಲ್ಲಿ ಅತಿ ಎತ್ತರದ ಸ್ವರ ಹಿಡಿದಿರುತ್ತಾರೆ. ಆಮೇಲೆ ಅವರ ಊಟ ಕೊನೆಯ ಪಂಕ್ತಿಯಲ್ಲಿ, ಅದೂ ಯಾರಾದರೂ ನೆನಪಿಸಿದರೆ. ಅಂಗಡಿಯ ಹುಡುಗ ರಿಯಲ್ ಅಲ್ಲ ಎಂದದ್ದು ವಾದ್ಯಕ್ಕೋ, ಇವರಿಗೋ?

ಈಗ ಸಂಜೆ ಮೊದಲು ಹಳೆಯ ಮೌತ್‌ಪೀಸಿನಲ್ಲೇ ತುಟಿ ಸೋಲುವವರೆಗೆ ಊದುತ್ತೇನೆ. ಆಮೇಲೆ 6½, ಆಮೇಲೆ 12ಸಿ. ಮರುದಿನ ಸರದಿ ಬದಲು. ನಿನ್ನೆ ಕೆಳಗಿನ ಮನೆಯ ಆಂಟಿ ಮೆಟ್ಟಿಲ ಮೇಲೆ ಸಿಕ್ಕರು. ಬೈಯುತ್ತಾರೆ ಎಂದುಕೊಂಡೆ. ‘ಏನಪ್ಪಾ, ಮೊದಲು ಊದ್ತೀಯಲ್ಲ, ಅದು ಕೋಣ ಕೂಗಿದ ಹಾಗಿರತ್ತೆ. ಮೊನ್ನೆ ಕೊನೆಗೆ ಊದಿದ್ದು ಪರವಾಗಿಲ್ಲ, ಹಾಡು ಯಾವುದು ಅಂತ ಗೊತ್ತಾಯ್ತು’ ಎಂದರು. ಮೊನ್ನೆ ಕೊನೆಗೆ ಊದಿದ್ದು 12ಸಿ. 6½ ನಾಳೆ ಅಂಗಡಿಗೆ ವಾಪಸ್.