ಶಿಸ್ತಿನ ಪುಸ್ತಕಕ್ಕೆ ಸಹಿ ಹಾಕುವ ಮುಂಚೆ

ಪ್ರತಿ ಆಗಸ್ಟ್‌ನಲ್ಲೂ ಇಲ್ಲಿ ಟೆಕ್ಸಾಸ್‌ನಲ್ಲಿ ಮಗನ ಸ್ಕೂಲಿನ ಶಿಸ್ತಿನ ನಿಯಮಗಳಿಗೆ ಸಹಿ ಹಾಕಬೇಕು. ಈ ಸಲ ಪೂರ್ತಿ ಓದಿದೆ. ಭಯ ಆಯಿತು.

1994ರ ಅಮೆರಿಕದ ಕಾನೂನು, ಬಂದೂಕು ತಂದ ಮಕ್ಕಳನ್ನು ಒಂದು ವರ್ಷ ಹೊರಗಿಡಿ ಅಂತ ಹೇಳಿತು. ಅದು ಸರಿ. ಆದರೆ ಅದೇ ಬಿಗಿ ಆಮೇಲೆ ಎದುರುತ್ತರ, ಗಲಾಟೆಗಳಿಗೂ ಹಬ್ಬಿತು. 2009ರಲ್ಲಿ ಡೆಲಾವೇರ್‌ನ ಪುಟ್ಟ ಹುಡುಗನೊಬ್ಬ ಊಟಕ್ಕೆ ಅಂತ ಚಮಚ, ಫೋರ್ಕ್, ಚಾಕು ಒಟ್ಟಿಗೇ ಇರುವ ಕ್ಯಾಂಪಿಂಗ್ ಸಾಮಾನು ತಂದಿದ್ದಕ್ಕೆ, ಅವನನ್ನು 45 ದಿನ ಬೇರೆ ಶಾಲೆಗೆ ಹಾಕಲು ಹೊರಟಿದ್ದರು. ಅವನಿಗಿನ್ನೂ 6 ವರ್ಷ!

2011ರಲ್ಲಿ ಟೆಕ್ಸಾಸ್‌ನ ದೊಡ್ಡ ಅಧ್ಯಯನವೊಂದು ಬಂತು. 7ರಿಂದ 12ನೇ ಕ್ಲಾಸಿನೊಳಗೆ ಹತ್ತಿರಹತ್ತಿರ 60% ಮಕ್ಕಳು ಒಮ್ಮೆಯಾದರೂ ಸಸ್ಪೆಂಡ್ ಆಗಿದ್ದರು ಅಥವಾ ಹೊರಹಾಕಿಸಿಕೊಂಡಿದ್ದರು, ಅದರಲ್ಲೂ ಕಪ್ಪು ಮಕ್ಕಳು ಜಾಸ್ತಿ. ಹಾಗೆ ಶಿಕ್ಷೆಯಾದವರೇ ಮುಂದೆ ಫೇಲಾಗುವುದು, ಓದು ಬಿಡುವುದು, ಬಾಲಾಪರಾಧಿ ಕೋರ್ಟಿನ ಮೆಟ್ಟಿಲು ಹತ್ತುವುದು ಹೆಚ್ಚು.

ಪಕ್ಕದ ಮನೆ ಹುಡುಗ 3 ದಿನ ಸಸ್ಪೆಂಡ್ ಆಗಿದ್ದ. ಮೆಟ್ಟಿಲ ಮೇಲೆ ಕೂತು ಶೂ ಲೇಸ್ ಬಿಚ್ಚುತ್ತಾ ಕಟ್ಟುತ್ತಾ ಇದ್ದ. ಮಾತಾಡಿಸಿದೆ. ‘ಆಂಟಿ, ಇನ್ಮೇಲೆ ಏನೇ ಆದ್ರೂ ನನ್ನನ್ನೇ ಕೇಳ್ತಾರೆ ಅಲ್ವಾ?’ ಅಂದ.