ಮಸ್ಕತ್‌ನ ಗೋದಾಮಿನಲ್ಲಿ ಪಾಳಿ ಹಾಕುವಾಗ

ಮಸ್ಕತ್‌ನ ಒಂದು ಗೋದಾಮಿನಲ್ಲಿ ಪಾಳಿ ಹಾಕುವ ಕೆಲಸ ನನ್ನದು. ಡ್ಯೂಟಿ ಶೀಟಿನಲ್ಲಿ ‘ಮುಸ್ಲಿಂ’ ಅಂತ ಒಂದೇ ಕಾಲಂ ಇದೆ. ಅದೊಂದನ್ನೇ ನಂಬಿ ಪಾಳಿ ಹಾಕಿದರೆ ಕೆಲಸ ಸಾಗುವುದಿಲ್ಲ. ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದೇ ಇದನ್ನು.

ನಂಬಿಕೆಯ ಬುಡ ಎಲ್ಲರಿಗೂ ಒಂದೇ. ದೇವರು ಒಬ್ಬನೇ, ಮುಹಮ್ಮದ್ ಕೊನೆಯ ಪ್ರವಾದಿ, ಕುರಾನ್ ದೇವರ ಮಾತು, ಸತ್ತ ಮೇಲೆ ಲೆಕ್ಕ ಒಪ್ಪಿಸಬೇಕು. ನಮಾಜ್, ರಂಜಾನ್ ಉಪವಾಸ, ಜಕಾತ್, ಹಜ್ ಎಲ್ಲರಿಗೂ ಇವೆ. ಮೆಕ್ಕಾ ಹತ್ತಿರದ ಹಿರಾ ಗುಹೆಯಲ್ಲಿ 610ರ ಹೊತ್ತಿಗೆ ಮೊದಲ ಸಂದೇಶ ಬಂತು, 622ರಲ್ಲಿ ಪ್ರವಾದಿ ಮದೀನಾಕ್ಕೆ ಹೋದರು. ಇಲ್ಲಿಯವರೆಗೆ ಯಾರದ್ದೂ ತಕರಾರಿಲ್ಲ.

632ರಲ್ಲಿ ಪ್ರವಾದಿ ತೀರಿಕೊಂಡ ಮೇಲೆ ಮುಂದಾಳು ಯಾರು ಅನ್ನುವ ಪ್ರಶ್ನೆ ಎದ್ದಿತು. ಅಬೂಬಕರ್ ಖಲೀಫರಾದದ್ದು ಸರಿ ಅಂದವರು ಸುನ್ನಿಗಳು. ಆ ಹಕ್ಕು ಪ್ರವಾದಿಯ ಅಳಿಯ ಅಲಿ ಅವರದ್ದು ಅಂದವರು ಶಿಯಾಗಳು. ಇಷ್ಟು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮೂರನೆಯ ಕವಲಿನ ಹೆಸರು ಕೇಳಿದವರು ಕಮ್ಮಿ. 657ರಲ್ಲಿ ಸಿಫ್ಫೀನ್ ಯುದ್ಧದ ಹೊತ್ತಿಗೆ ಅಲಿ ಖಲೀಫರಾಗಿದ್ದರು. ಸಿರಿಯಾದ ಆಡಳಿತಗಾರ ಮುಆವಿಯಾ ಜೊತೆಗಿನ ಜಗಳವನ್ನು ಪಂಚಾಯ್ತಿಗೆ ಬಿಡಲು ಅವರು ಒಪ್ಪಿದರು. ತೀರ್ಪು ಕೊಡಬೇಕಾದ್ದು ದೇವರು, ಮನುಷ್ಯರಲ್ಲ ಅಂತ ಅವರ ಕಡೆಯವರೇ ಒಂದಷ್ಟು ಜನ ಬಿಟ್ಟುಹೋದರು. ಅವರೊಳಗೆ ಕತ್ತಿ ಹಿಡಿಯುವ ಆತುರ ಇಲ್ಲದ ಗುಂಪಿನಿಂದ ಬೆಳೆದವರು ಇಬಾದಿಗಳು. ಇಮಾಮ್ ಪ್ರವಾದಿಯ ಬುಡಕಟ್ಟಿನವನೇ ಆಗಬೇಕಿಲ್ಲ, ಯೋಗ್ಯನನ್ನು ಆರಿಸಿದರೆ ಸಾಕು ಅನ್ನುವುದು ಅವರ ನಿಲುವು. ಒಮಾನ್ ಸುಲ್ತಾನರ ಮನೆತನ ಇದೇ ಪಂಥದ್ದು. ಖಾರಿಜಿ, ಅಂದರೆ ಬಿಟ್ಟುಹೋದವರು, ಅಂತ ಕರೆದರೆ ಮಾತ್ರ ಅವರಿಗೆ ಸಿಟ್ಟು ಬರುತ್ತದೆ. ಕರೆಯಬೇಡಿ.

ನಮ್ಮ ನಮಾಜ್ ಕೋಣೆಯಲ್ಲಿ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಇಬಾದಿಗಳು ಕೈ ಇಳಿಬಿಟ್ಟು ನಿಲ್ಲುತ್ತಾರೆ. ಪಕ್ಕದಲ್ಲೇ ಲಕ್ನೋ ಕಡೆಯ ಸುನ್ನಿ ಹುಡುಗ ಕೈ ಕಟ್ಟಿಕೊಂಡಿರುತ್ತಾನೆ. ಇಲ್ಲಿನ ಬಂದರು ಪ್ರದೇಶ ಮತ್ರಾದ ಲವಾತಿಯಾ ಸಮುದಾಯದ ನಮ್ಮ ಸ್ಟೋರ್ ಕೀಪರ್ ಶಿಯಾ. ನಮಾಜಿನಲ್ಲಿ ಹಣೆ ಊರಲು ಇರಾಕಿನ ಕರ್ಬಲಾದ ಮಣ್ಣಿನ ಪುಟ್ಟ ಬಿಲ್ಲೆಯೊಂದನ್ನು ಅವರು ಕಪಾಟಿನಲ್ಲಿ ಇಟ್ಟಿದ್ದಾರೆ. ಕೋಣೆ ಗುಡಿಸುವವರಿಗೆ ಅದನ್ನು ಮುಟ್ಟಬೇಡಿ ಅಂತ ಹೇಳಿರುತ್ತೇನೆ.

ಇನ್ನು ಸಮಯದ ವಿಷಯ. ಮಧ್ಯಾಹ್ನದ ಎರಡು ನಮಾಜುಗಳನ್ನು ಶಿಯಾಗಳು ಸಾಮಾನ್ಯವಾಗಿ ಒಟ್ಟಿಗೆ ಮುಗಿಸುತ್ತಾರೆ. ಅಂದರೆ ಅವರಿಗೆ ಎರಡು ಸಲ ಬಿಡುವು ಬೇಕಿಲ್ಲ. ಸುನ್ನಿಗಳಲ್ಲೂ ಒಂದೇ ಲೆಕ್ಕ ಇಲ್ಲ. ಮಂಗಳೂರಿನ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪದ್ಧತಿಯವರು. ಹನಫಿ ಅನ್ನುವುದು ಸುನ್ನಿಗಳದ್ದೇ ಇನ್ನೊಂದು ಪದ್ಧತಿ. ನೆರಳು ವಸ್ತುವಿನಷ್ಟೇ ಉದ್ದವಾದರೆ ಶಾಫಿಗಳಿಗೆ ಅಸರ್, ಅಂದರೆ ಇಳಿಹೊತ್ತಿನ ನಮಾಜಿನ, ಹೊತ್ತಾಯಿತು. ಹನಫಿ ಲೆಕ್ಕದಲ್ಲಿ ನೆರಳು ಎರಡರಷ್ಟಾಗಬೇಕು. ಮಸೀದಿಗೆ ಹೋದರೆ ಅಲ್ಲಿನ ಹೊತ್ತಿಗೇ ಸೇರಿಕೊಳ್ಳುವವರು ಜಾಸ್ತಿ. ಆದರೆ ಗೋದಾಮಿನಲ್ಲಿ ಕೆಲವು ಹನಫಿಗಳು ತಮ್ಮ ಹೊತ್ತಿಗೆ ಕಾಯುತ್ತಾರೆ. ನನಗೇನೂ ನಷ್ಟವಿಲ್ಲ, ಒಬ್ಬ ಶಾಫಿ, ಒಬ್ಬ ಹನಫಿ ಇಬ್ಬರನ್ನೂ ಒಂದೇ ಲಾರಿಯ ಕೆಲಸಕ್ಕೆ ಹಾಕಿದರೆ ಒಬ್ಬ ಹೋದಾಗ ಇನ್ನೊಬ್ಬ ಇರುತ್ತಾನೆ.

ಮೊಹರಂ ಅಂದರೆ ನನಗೆ ಊರಿನ ಅಲಾಯಿ ಕುಣಿತವೇ ನೆನಪು. ಇಲ್ಲಿ ಆಶೂರಾ, 680ರಲ್ಲಿ ಕರ್ಬಲಾದಲ್ಲಿ ಅಲಿಯವರ ಮಗ ಹುಸೇನರು ಮಡಿದ ದಿನ, ಸರ್ಕಾರಿ ರಜೆಯಲ್ಲ. ಸ್ಟೋರ್ ಕೀಪರ್ ಬಾಯಿಬಿಟ್ಟು ಕೇಳುವವರಲ್ಲ, ಹಾಗಾಗಿ ಆ ದಿನ ಬೇರೆಯವರನ್ನು ನಾನೇ ಹಾಕಿಡುತ್ತೇನೆ.

ಅತಿ ತಲೆನೋವು ರಂಜಾನ್ ಶುರುವಾಗುವ ದಿನ. ಉಪವಾಸದ ತಿಂಗಳಲ್ಲಿ ಮುಸ್ಲಿಂ ನೌಕರರಿಗೆ ಕಾನೂನು ಪ್ರಕಾರ ದಿನಕ್ಕೆ 6 ಗಂಟೆ ಮಾತ್ರ ಕೆಲಸ. ಒಮಾನ್ ತನ್ನದೇ ಚಂದ್ರದರ್ಶನ ನೋಡುತ್ತದೆ. 2024ರಲ್ಲಿ ಸೌದಿಯಲ್ಲಿ ಮಾರ್ಚ್ 11ಕ್ಕೆ ಉಪವಾಸ ಶುರುವಾದರೆ ಇಲ್ಲಿ 12ಕ್ಕೆ. ಅದಕ್ಕೇ ಎರಡು ಶೀಟ್ ಸಿದ್ಧ ಮಾಡಿಟ್ಟು, ರಾತ್ರಿ ಘೋಷಣೆ ಆಗುವವರೆಗೆ ಯಾವುದಕ್ಕೂ ಸಹಿ ಹಾಕುವುದಿಲ್ಲ, ಸಾಗಣೆಯವರು ಎಷ್ಟೇ ಫೋನ್ ಮಾಡಲಿ.