36ನೇ ಲೈಸೆನ್ಸ್: ಸ್ಥಿರತೆಯ ಪಾಠದ ನೆನಪು

ನಮ್ಮ ವೈಮಾನಿಕ ವಿಭಾಗದಲ್ಲಿ ವಿಮಾನದ ಸ್ಥಿರತೆಯ ಪಾಠ ಪ್ರತಿ ವರ್ಷವೂ ಒಬ್ಬ ಫ್ರೆಂಚ್ ನಟಿಯ ಹೆಸರಿನಿಂದಲೇ ಶುರುವಾಗುತ್ತಿತ್ತು. ರೇಮಂಡ್ ದ ಲರೋಶ್. ಜಗತ್ತಿನಲ್ಲಿ ಪೈಲಟ್ ಲೈಸೆನ್ಸ್ ಪಡೆದ ಮೊದಲ ಮಹಿಳೆ. ಮೇಷ್ಟ್ರು ಬೋರ್ಡಿನ ಮೇಲೆ ಆಕೆ ಕಲಿತ ವಾಸಾಂ ಎಂಬ ಬೈಪ್ಲೇನಿನ (ಒಂದರ ಮೇಲೊಂದು ಎರಡು ರೆಕ್ಕೆಗಳ ವಿಮಾನದ) ಚಿತ್ರ ಬರೆದು, "ಇದರಲ್ಲಿ ಏನು ಇಲ್ಲ, ಹೇಳಿ" ಎಂದು ಕೇಳುತ್ತಿದ್ದರು. ಇಲ್ಲದ್ದು ಏಲೆರಾನ್, ಅಂದರೆ ವಿಮಾನ ಪಕ್ಕಕ್ಕೆ ವಾಲುವುದನ್ನು ಹಿಡಿತದಲ್ಲಿಡಲು ರೆಕ್ಕೆಯ ಹಿಂಬದಿಯಲ್ಲಿರುವ ಅಲುಗಾಡುವ ಪಟ್ಟಿ. ರೆಕ್ಕೆಯನ್ನು ತಿರುಚುವ ತಂತಿಗಳೂ ಇರಲಿಲ್ಲ. ಅಂದರೆ ಒಂದು ರೆಕ್ಕೆ ಕೆಳಗಿಳಿದರೆ ಅದನ್ನು ನೇರವಾಗಿ ಮೇಲೆತ್ತಲು ಪೈಲಟ್ ಕೈಯಲ್ಲಿ ಯಾವ ಸಾಧನವೂ ಇರಲಿಲ್ಲ. ಇಂಥ ಯಂತ್ರದಲ್ಲಿ ಕಲಿತು ಲೈಸೆನ್ಸ್ ಪಡೆದರು ಎಂಬುದನ್ನು ಬಿಟ್ಟು ಆಕೆಯ ಉಡುಪು, ರಂಗಭೂಮಿ, ಬಿರುದುಗಳ ಬಗ್ಗೆಯೇ ಬರೆಯುವವರ ಮೇಲೆ ಮೇಷ್ಟ್ರಿಗೆ ಅಸಮಾಧಾನವಿತ್ತು. ಅದು ನ್ಯಾಯವಾದದ್ದೇ ಎಂದು ಈಗಲೂ ಅನಿಸುತ್ತದೆ.

ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1882ರ ಆಗಸ್ಟ್ 22ರಂದು. ನಿಜವಾದ ಹೆಸರು ಎಲೀಸ್ ರೇಮಂಡ್ ದೆರೋಶ್. ತಂದೆ ಕೊಳಾಯಿ ಕೆಲಸದವರು. 'ದ ಲರೋಶ್' ರಂಗಕ್ಕಾಗಿ ಇಟ್ಟುಕೊಂಡ ಹೆಸರು. 'ಬ್ಯಾರನೆಸ್' ಎಂಬುದು ಆಮೇಲೆ ಅಂಟಿಕೊಂಡದ್ದು, ಹುಟ್ಟಿನಿಂದ ಬಂದ ಪದವಿಯಲ್ಲ.

1909ರಲ್ಲಿ ವಿಮಾನ ತಯಾರಕ ಶಾರ್ಲ್ ವಾಸಾಂ ಆಕೆಗೆ ಫ್ರಾನ್ಸಿನ ಶಾಲೋಂ ಮೈದಾನದಲ್ಲಿ ಹಾರಾಟ ಕಲಿಸಿದರು. ವಿಮಾನದಲ್ಲಿ ಇದ್ದದ್ದು ಒಂದೇ ಸೀಟು. ಗುರು ನೆಲದ ಮೇಲೆ, ಶಿಷ್ಯೆ ಯಂತ್ರದಲ್ಲಿ. ಮೊದಲು ನೆಲದ ಮೇಲೇ ಓಡಿಸಿ, ಎಂಜಿನ್‌ನ ಹಿಡಿತ, ವಿಮಾನವನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್‌ನ ಹಿಡಿತ ತಿಳಿದುಕೊಳ್ಳಬೇಕು. ಆಮೇಲೆ ಒಂದು ಸಣ್ಣ ನೆಗೆತ. ಅಕ್ಟೋಬರ್ 22ರಂದು ಆಕೆ ಸುಮಾರು 270 ಮೀಟರ್ ಹಾರಿದರು. ಗುರುವಿನ ಮಾತು ಮೀರಿ ಹಾರಿಬಿಟ್ಟರು ಎಂಬ ಕಥೆ ಎಲ್ಲರಿಗೂ ಪ್ರಿಯ. ಆದರೆ ಒಂಟಿ ಸೀಟಿನ ವಿಮಾನದಲ್ಲಿ ಕಲಿಕೆಯ ಮುಂದಿನ ಮೆಟ್ಟಿಲೇ ಆ ನೆಗೆತ. ಅದನ್ನು ಹಟಮಾರಿತನ ಎನ್ನುವುದಕ್ಕಿಂತ ಪಾಠದ ಸಹಜ ಮುಂದುವರಿಕೆ ಎನ್ನುವುದೇ ಸರಿ. ವಾಸಾಂನ ವೇಗ ಗಂಟೆಗೆ ಸುಮಾರು 55 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 15 ಮೀಟರ್. ಲೆಕ್ಕ ಹಾಕಿದರೆ ಆ ಮೊದಲ ಹಾರಾಟ ಮುಗಿದದ್ದು 18 ಸೆಕೆಂಡಿನಲ್ಲಿ. ಮರುದಿನ ಮೈದಾನಕ್ಕೆ ಎರಡು ಸುತ್ತು, ಸುಮಾರು 6 ಕಿ.ಮೀ. ಹಾರಿದರು. ನಿಜವಾದ ಜಿಗಿತ ಎರಡನೆಯದು, ಯಾಕೆಂದರೆ ಅದರಲ್ಲಿ ತಿರುವುಗಳಿದ್ದವು.

ತಿರುವಿನ ವಿಷಯಕ್ಕೇ ಮೇಷ್ಟ್ರು ಒಂದಿಡೀ ಪೀರಿಯಡ್ ಕೊಡುತ್ತಿದ್ದರು. ವಾಸಾಂನಲ್ಲಿ ಇದ್ದದ್ದು ಒಂದು ಚಕ್ರ: ಅದನ್ನು ತಿರುಗಿಸಿದರೆ ಬಾಲದ ರಡ್ಡರ್, ಮುಂದೆ ತಳ್ಳಿದರೆ ಅಥವಾ ಹಿಂದೆ ಎಳೆದರೆ ಮೂತಿಯನ್ನು ಏರಿಸಿ ಇಳಿಸುವ, ಮೂತಿಯ ಮುಂದಿನ ಎಲಿವೇಟರ್. ಎಂಜಿನ್ ಮತ್ತು ಪ್ರೊಪೆಲ್ಲರ್ ಪೈಲಟ್‌ನ ಬೆನ್ನ ಹಿಂದೆ. ಮೇಲಿನ ಮತ್ತು ಕೆಳಗಿನ ರೆಕ್ಕೆಗಳ ನಡುವೆ ಬಟ್ಟೆಯ ನೇರ ಪರದೆಗಳು, ಬಾಲದಲ್ಲೂ ಪೆಟ್ಟಿಗೆಯಂಥ ರಚನೆ. ರಡ್ಡರ್ ಮಾತ್ರ ಹಾಕಿದಾಗ ವಿಮಾನ ವಾಲದೆ ಹೊರಕ್ಕೆ ಜಾರಲು ನೋಡುತ್ತದೆ. ಈ ಪರದೆಗಳು ಗಾಳಿಯನ್ನು ಅಡ್ಡಗಟ್ಟಿ ಜಾರುವಿಕೆಯನ್ನು ತಡೆಯುತ್ತವೆ, ತಿರುವಿಗೆ ಬೇಕಾದ ಒತ್ತನ್ನೂ ಕೊಡುತ್ತವೆ. ಹಾಗಾಗಿ ತಿರುವು ಬಹಳ ಅಗಲ, ಬಹಳ ನಿಧಾನ. ಅವಸರದಲ್ಲಿ ರಡ್ಡರ್ ಹೆಚ್ಚು ಹಾಕಿದರೆ ಹೊರ ರೆಕ್ಕೆಯ ವೇಗ ಏರುತ್ತದೆ, ಒಳ ರೆಕ್ಕೆಯ ವೇಗ ಇಳಿಯುತ್ತದೆ. ಒಳಗಿನದು ಲಿಫ್ಟ್ (ಮೇಲೆತ್ತುವ ಬಲ) ಕಳೆದುಕೊಂಡು ಕುಸಿಯುತ್ತದೆ.

ಎಡ ರೆಕ್ಕೆ ಕುಸಿದರೆ? ಬಲ ರಡ್ಡರ್ ಹಾಕಬೇಕು. ಆಗ ಎಡ ರೆಕ್ಕೆ ಮುಂದಕ್ಕೆ ಬೀಸಿ, ಕ್ಷಣಕಾಲ ಹೆಚ್ಚು ವೇಗ ಪಡೆದು ಮೇಲೇಳುತ್ತದೆ. ಜೊತೆಗೆ ಮೂತಿ ಸ್ವಲ್ಪ ತಗ್ಗಿಸಿ ವೇಗ ಉಳಿಸಿಕೊಳ್ಳಬೇಕು. ಹತ್ತು ಮೀಟರ್ ಎತ್ತರದಲ್ಲಿ ನೆಲದ ಕಡೆಗೆ ಮೂತಿ ತಗ್ಗಿಸುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಕೈ ತಾನಾಗಿ ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ. ಎಳೆದರೆ ಮೂತಿ ಎದ್ದು ವೇಗ ಸತ್ತು ಸ್ಟಾಲ್, ಅಂದರೆ ರೆಕ್ಕೆಗಳು ವಿಮಾನವನ್ನು ಹೊರಲಾರದ ಸ್ಥಿತಿ. ಎಂಜಿನ್‌ನಲ್ಲಿ ಮಿಕ್ಕ ಶಕ್ತಿ ತೀರ ಕಡಿಮೆ ಇದ್ದುದರಿಂದ ಅಲ್ಲಿಂದ ಹೊರಬರುವ ದಾರಿ ಇರುತ್ತಿರಲಿಲ್ಲ. ಗಾಳಿಯದು ಇನ್ನೊಂದು ಕಾಟ. ಗಂಟೆಗೆ 18 ಕಿ.ಮೀ. ಗಾಳಿ ಎಂದರೆ ಈಗ ಯಾರೂ ಲೆಕ್ಕಕ್ಕಿಡುವುದಿಲ್ಲ; ವಾಸಾಂಗೆ ಅದು ತನ್ನ ವೇಗದ ಮೂರರಲ್ಲೊಂದು ಪಾಲು. ಅಡ್ಡಗಾಳಿ ಬೀಸಿದರಂತೂ ನೆರವಾಗಬೇಕಾದ ಆ ಪರದೆಗಳೇ ಹಾಯಿಯಾಗಿ ವಿಮಾನವನ್ನು ಪಕ್ಕಕ್ಕೆ ತಳ್ಳುತ್ತಿದ್ದವು.

ಈ ವರ್ಷ ವಾಸಾಂ ವಿಮಾನದ ಪುಟ್ಟ ಮಾದರಿ ಮಾಡುವ ವಿದ್ಯಾರ್ಥಿಗಳಿಗೆ ಒಂದು ಮಾತು: ಪರದೆಗಳನ್ನು ಕಳಚಿಡುವಂತೆ ಮಾಡಿಕೊಳ್ಳಿ. ರಡ್ಡರನ್ನು ಒಂದೇ ಕೋನಕ್ಕೆ ಬಿಗಿದು, ಪರದೆ ಇಟ್ಟು ಒಮ್ಮೆ, ತೆಗೆದು ಒಮ್ಮೆ ತೇಲಿಬಿಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎಂಜಿನ್ ಹಿಂದಿರುವುದರಿಂದ ತೂಕ ಹಿಂದಕ್ಕೆ ಬೀಳುತ್ತದೆ; ಮೂತಿಗೆ ಸೀಸ ಕಟ್ಟದೆ ಬಿಟ್ಟರೆ ಮೊದಲ ಸಲವೇ ಮೂತಿ ಎತ್ತಿ ಕುಸಿಯುತ್ತದೆ.

1910ರ ಮಾರ್ಚ್ 8ರಂದು ಫ್ರಾನ್ಸಿನ ಏರೋ ಕ್ಲಬ್ ಆಕೆಗೆ 36ನೇ ನಂಬರಿನ ಲೈಸೆನ್ಸ್ ಕೊಟ್ಟಿತು. ಇಲ್ಲಿ ಮಾತು ಜೋಪಾನವಾಗಿರಬೇಕು. 'ವಿಮಾನ ಹಾರಿಸಿದ ಮೊದಲ ಮಹಿಳೆ' ಎಂದು ಬರೆಯುವುದು ಸರಿಯಲ್ಲ. 1908ರಲ್ಲೇ ಫ್ರಾನ್ಸಿನ ಶಿಲ್ಪಿ ತೆರೇಸ್ ಪೆಲ್ತಿಯೇ ಸಣ್ಣ ಹಾರಾಟ ಮಾಡಿದ್ದರು. ಲೈಸೆನ್ಸ್ ಪಡೆದವರಲ್ಲಿ ಮೊದಲಿಗರು ಎಂಬುದರಲ್ಲಿ ತಕರಾರಿಲ್ಲ. 1910ರಲ್ಲೇ ಆಕೆ ಈಜಿಪ್ಟಿನ ಹೀಲಿಯೊಪೊಲಿಸ್, ಸೇಂಟ್ ಪೀಟರ್ಸ್‌ಬರ್ಗ್, ಬುಡಾಪೆಸ್ಟ್‌ನ ವಿಮಾನ ಮೇಳಗಳಲ್ಲಿ ಹಾರಿದರು. ಜುಲೈನಲ್ಲಿ ರೀಮ್ಸ್ ಮೇಳದಲ್ಲಿ ವಿಮಾನ ನೆಲಕ್ಕಪ್ಪಳಿಸಿ, ಬದುಕುವುದೇ ಅನುಮಾನ ಎನ್ನುವಷ್ಟು ಪೆಟ್ಟಾಯಿತು. ಮೇಳಗಳಲ್ಲಿ ಹಲವು ವಿಮಾನಗಳು ಒಂದೇ ಸುತ್ತಿನಲ್ಲಿ, ಕಡಿಮೆ ಎತ್ತರದಲ್ಲಿ ಓಡುತ್ತಿದ್ದವು. ಮುಂದಿನ ವಿಮಾನ ಕದಡಿಬಿಟ್ಟ ಗಾಳಿಗೆ ಸಿಕ್ಕ ಏಲೆರಾನ್ ಇಲ್ಲದ ಯಂತ್ರದ ಪಾಡು ಏನೆಂದು ಮೇಲಿನದನ್ನು ಓದಿದವರಿಗೆ ಹೇಳಬೇಕಿಲ್ಲ.

ಚೇತರಿಸಿಕೊಂಡು ಮತ್ತೆ ಹಾರತೊಡಗಿದರು. 1912ರ ಸೆಪ್ಟೆಂಬರಿನಲ್ಲಿ ಕಾರು ಅಪಘಾತವಾಗಿ ಶಾರ್ಲ್ ವಾಸಾಂ ತೀರಿಕೊಂಡರು. ಜೊತೆಗಿದ್ದ ಆಕೆಗೂ ಗಾಯವಾಯಿತು. ಮರುವರ್ಷ ನವೆಂಬರಿನಲ್ಲಿ ಎಲ್ಲೂ ಇಳಿಯದೆ ನಾಲ್ಕು ಗಂಟೆಗೂ ಮೀರಿ, 323 ಕಿ.ಮೀ. ಹಾರಿ ಮಹಿಳೆಯರ ಫೆಮಿನಾ ಕಪ್ ಗೆದ್ದರು. 18 ಸೆಕೆಂಡಿನಿಂದ ನಾಲ್ಕು ಗಂಟೆಗೆ, ನಾಲ್ಕೇ ವರ್ಷದಲ್ಲಿ.

ಮಹಾಯುದ್ಧದಲ್ಲಿ ಹೆಂಗಸರಿಗೆ ಹಾರಲು ಬಿಡಲಿಲ್ಲ. ಆಕೆ ಸೇನೆಯ ವಾಹನ ಓಡಿಸಿದರು. ಲೈಸೆನ್ಸ್ ಇದ್ದ ಅನುಭವಿಯನ್ನು ಸ್ಟಿಯರಿಂಗ್ ಹಿಂದೆ ಕೂರಿಸಿದ ಆ ತೀರ್ಮಾನಕ್ಕೆ ಯಾವ ಸಮರ್ಥನೆಯೂ ಇಲ್ಲ. 1919ರ ಜೂನ್‌ನಲ್ಲಿ ಸುಮಾರು 4,800 ಮೀಟರ್ ಏರಿ ಮಹಿಳೆಯರ ಎತ್ತರದ ದಾಖಲೆ ಮಾಡಿದರು. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಮಾನಕ ಲೆಕ್ಕದಲ್ಲಿ ಚಳಿ ಸೊನ್ನೆಗಿಂತ 16 ಡಿಗ್ರಿ ಕೆಳಗೆ.

ಮುಂದಿನ ಗುರಿ ಪರೀಕ್ಷಾ ಪೈಲಟ್ ಆಗುವುದು. ಜುಲೈ 18ರಂದು ಫ್ರಾನ್ಸಿನ ಲ ಕ್ರೊತ್ವಾ ಮೈದಾನದಲ್ಲಿ ಕೊದ್ರೋಂ ಕಂಪನಿಯ ಹೊಸ ಪ್ರಯೋಗದ ವಿಮಾನವೊಂದರಲ್ಲಿ ಇನ್ನೊಬ್ಬ ಪೈಲಟ್ ಜೊತೆ ಹೊರಟರು. ಇಳಿಯಲು ಬರುವಾಗ ವಿಮಾನ ಮೂತಿ ಕೆಳಗಾಗಿ ಧುಮುಕಿ ಇಬ್ಬರೂ ಸತ್ತರು. ಆಗ ಆಕೆಗೆ 36 ವರ್ಷ. ಆ ಕ್ಷಣದಲ್ಲಿ ವಿಮಾನ ಯಾರ ಕೈಯಲ್ಲಿತ್ತು ಎಂಬುದು ಇತ್ಯರ್ಥವಾಗಿಲ್ಲ. ಆದ್ದರಿಂದ ಆಕೆಯ ಕೈತಪ್ಪಿನಿಂದ ಬಿದ್ದಿತು ಎಂದು ಬರೆದ ಪುಸ್ತಕ ಸಿಕ್ಕರೆ ಆ ಸಾಲಿನ ಕೆಳಗೆ ಗೆರೆ ಎಳೆದು ಪ್ರಶ್ನೆಚಿಹ್ನೆ ಹಾಕಿ ಎನ್ನುತ್ತಿದ್ದರು ಮೇಷ್ಟ್ರು.